ಹೊಸ್ತಿಲ ಮೇಲಿನ ಒಡಪು

ಗಾಡಿಯ ಗಾಲಿಯಡಿ ಲಿಂಬೆಹಣ್ಣು ಅಪ್ಪಚ್ಚಿಯಾದ ವಾಸನೆ ನಿಮಗೂ ಗೊತ್ತಿರಬೇಕು. ಹೋದ ವಾರ ಮುದ್ದೇಬಿಹಾಳದಿಂದ ಸೊಸೆಯನ್ನು ಕರೆತಂದ ಗಾಡಿ ಸಿಂದಗಿಯ ನಮ್ಮ ಬಾಗಿಲಿಗೆ ಬಂದಾಗ ಅದೇ ವಾಸನೆ ಎದ್ದಿತು. ನನ್ನ ಅಂಗೈ ಬೆವರತೊಡಗಿತು. ಬೆವರಬೇಕಾದವಳು ಆ ಹುಡುಗಿ, ನಾನು ಅತ್ತೆ. ಆದರೆ ಹೆದರುವ ಕೆಲಸವನ್ನು ನಾನು ಎಂದೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ.

ನಮ್ಮ ಕಡೆ ಹೊಸ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಹೋಲಿಕೆ ಕಟ್ಟಿದ ಒಂದೆರಡು ಸಾಲಿನಲ್ಲಿ, ಹೇಳದೆ ಹೊಸ್ತಿಲು ದಾಟುವಂತಿಲ್ಲ. ಇಂಡಿಯಿಂದ ನಾನು ಇದೇ ಬಾಗಿಲಿಗೆ ಬಂದಾಗ ಕನ್ನಡ ಎಂ.ಎ. ಮುಗಿಸಿದ್ದೆ. ಕಮಲ, ಸರೋವರ, ಹಂಸ ಎಲ್ಲವನ್ನೂ ಹೇರಿ ಒಂದು ಒಡಪು ಕಟ್ಟಿಕೊಂಡಿದ್ದೆ. ಅದು ಸಂತೆಯಿಂದ ಮರಳುವ ಟಂಟಂ ರಿಕ್ಷಾದಂತೆ ಒಂದು ಕಡೆ ವಾಲುತ್ತಿತ್ತು. ಹಂಸದವರೆಗೆ ಬಂದಿದ್ದೆನಷ್ಟೆ, ನಾದಿನಿ ಶಾಂತಕ್ಕ ಬಾಗಿಲಿಗೆ ಕೈ ಅಡ್ಡ ಹಾಕಿದಳು.

“ಹಂಸ ಎಲ್ಲಿ ನೋಡೀಯವ್ವಾ? ಇಂಡ್ಯಾಗ ಸಿಗ್ತಾವೇನು? ನಮ್ಮಲ್ಲಿ ಬರೇ ಕಾಗಿ ಅದಾವ!”

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. “ಕಣ್ಣಾರೆ ಕಂಡದ್ದು ಹೇಳು,” ಎಂದರು.

ಹಿಂದೆ ತಿರುಗಿ ನೋಡಿದೆ. ಓಣಿಯ ಬೇವಿನ ಕೆಳಗೆ ದನ ನಿಂತಿದ್ದವು. ಅದನ್ನೇ ಹಿಡಿದೆ:

“ಬೇವಿನ ನೆರಳು ಬಿಸಲಿನ ದನಕ, ಶ್ರೀಧರರಾಯರ ಹೆಸರು ನಡುಗೂ ಮನಕ.”

“ದನ ಅಂದ್ರ ಯಾರು, ನಾನಾ?” ಎಂದರು ಅತ್ತೆ. ಆಮೇಲೆ ನಕ್ಕರು. “ಬಾ ಒಳಗ.”

ಅಂದಿನಿಂದ ನಾನು ಉಪಮೆಗಳ ಫೌಜದಾರಳಾದೆ. ಸಾಲಿಯಲ್ಲಿ ಕನ್ನಡ ಕಲಿಸುವಾಗ ಮಕ್ಕಳ ಪ್ರಬಂಧಗಳಲ್ಲಿ ಸಿಂಹ, ಸಾಗರ ಕಂಡರೆ ಸಾಕು, “ನೋಡಿದ್ದೀಯಾ?” ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಒಬ್ಬ ಹುಡುಗಿ ಎದ್ದು, “ಟೀಚರ್, ನೀವು ದೇವ್ರನ್ನ ನೋಡೀರೇನ್ರಿ?” ಎಂದಳು. ಕೂಡು ಎಂದೆ. ಉತ್ತರವಿಲ್ಲದಾಗ ಶಿಕ್ಷಕರಿಗಿರುವ ದಾರಿ ಅದೊಂದೇ.

ಈಗ ಈ ಸೊಸೆ ಹೊಸ್ತಿಲಾಚೆ ನಿಂತಿದ್ದಳು. ಸುಡುವ ಮಧ್ಯಾಹ್ನ, ಹಿಂದೆ ತವರಿನವರು ಉಸಿರು ಬಿಗಿಹಿಡಿದಿದ್ದರು. ಶಾಂತಕ್ಕನ ಕೈಗೆ ಈಗ ವಯಸ್ಸಾಗಿದ್ದರೂ ಬಾಗಿಲಿಗೆ ಸರಿಯಾಗಿ ಅಡ್ಡ ಬಂದಿತ್ತು.

“ಹುಣ್ಣಿವಿ ಚಂದ್ರ ಬಾನಿಗೆ ಅಂದ…” ಸೊಸೆ ಶುರು ಮಾಡಿದಳು.

ಮೊಬೈಲಿನಿಂದ ಎತ್ತಿದ್ದು, ನನಗೆ ತಕ್ಷಣ ಗೊತ್ತಾಯಿತು. ಶಾಂತಕ್ಕನಿಗೂ.

“ನಡು ಮಧ್ಯಾಹ್ನದಾಗ ಚಂದ್ರ ಎಲ್ಲಿ ಕಂಡನವಾ ನಿನಗ?”

ನಗೆ ಎದ್ದಿತು. ಹುಡುಗಿಯ ತುಟಿ ನಡುಗಿತು. ಎಲ್ಲರೂ ನನ್ನತ್ತ ನೋಡಿದರು. ಕಂಡದ್ದು ಹೇಳು ಎಂಬ ಮಾತು ನನ್ನ ಬಾಯಲ್ಲೇ ಇತ್ತು. ಅವಳ ಕಣ್ಣು ನೋಡಿದೆ. ಸಾಲು ಎರವಲಿನದು, ನಡುಕ ಅವಳದೇ.

“ಇಂಥಾ ಬಿಸಲಾಗ ಚಂದ್ರನ್ನ ಬಿಟ್ಟು ಮತ್ಯಾರನ್ನ ನೆನಸಬೇಕ ಶಾಂತಕ್ಕಾ? ಮುಂದಿಂದು ಹೇಳವಾ ನೀ,” ಎಂದೆ.

ಅವಳು ಉಸಿರೆಳೆದುಕೊಂಡಳು.

“…ರಘುರಾಯರ ಜೋಡಿ ಬಾಳೇವು ಚಂದ.”

ಇಷ್ಟು ವರ್ಷ ನಾನು “ಏ ರಘ್ಯಾ” ಎಂದು ಕೂಗಿದ ಮಗನ ಹೆಸರು, ಮರ್ಯಾದೆ ಹಚ್ಚಿಕೊಂಡು, ಅವಳ ಬಾಯಿಂದ ಮನೆಯೊಳಗೆ ಬಂತು. ನಾನು ಬಾಗಿಲಿನಿಂದ ಸರಿದು ನಿಂತೆ.