ಬೊಂಬಾಯಿಯಿಂದ ದುಬೈಗೆ ಮೂರು ಗಂಟೆ

ನಫೀಸಾ, ನಿನ್ನ ಲೆಕ್ಕ ಸರಿಯಿತ್ತು. ತಪ್ಪು ನನ್ನದು — ಅದು ನನಗೆ ಮರುದಿನವೇ ಗೊತ್ತಾಗಿತ್ತು, ಆದರೂ ಬಾಯಿ ಬಿಡಲಿಲ್ಲ.

ಎಪ್ಪತ್ತರ ದಶಕದ ಕೊನೆ. ಕಬಕದ ಹತ್ತಿರದ ಶಾಲೆಯಲ್ಲಿ ನಾನು ಏಳನೆಯ ತರಗತಿಗೆ ಗಣಿತ, ಸಮಾಜ ಎರಡನ್ನೂ ಕಲಿಸುತ್ತಿದ್ದೆ. ದುಬೈಗೆ ಹೋದ ನಿನ್ನ ತಂದೆ ಬರೆದ ಮೊದಲ ಕಾಗದವನ್ನು ನೀನು ತರಗತಿಯಲ್ಲಿ ಓದಿ ಹೇಳಿದ್ದೆ. ಅದರಲ್ಲಿದ್ದ ಸಮಯವನ್ನೇ ಹಿಡಿದು ನಾನೊಂದು ಲೆಕ್ಕ ಕೊಟ್ಟೆ: ಬೆಳಿಗ್ಗೆ ಹತ್ತಕ್ಕೆ ಬೊಂಬಾಯಿ ಬಿಟ್ಟ ವಿಮಾನ ಹನ್ನೊಂದೂವರೆಗೆ ದುಬೈಯಲ್ಲಿ ಇಳಿಯಿತು, ಪ್ರಯಾಣ ಎಷ್ಟು ಹೊತ್ತಿನದು? ಎಲ್ಲರೂ ಒಂದೂವರೆ ಗಂಟೆ ಎಂದು ಬರೆದರು. ನೀನೊಬ್ಬಳು ಮೂರು ಗಂಟೆ ಎಂದು ಬರೆದೆ.

“ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಉಂಟು ಸರ್.”

ಮಂಗಳೂರಿನಾಚೆಗೆ ಕಾಲಿಟ್ಟವನಲ್ಲ ನಾನು. ನಲವತ್ತು ಮಕ್ಕಳ ಎದುರು ಹನ್ನೆರಡರ ಹುಡುಗಿ ನನ್ನನ್ನು ತಿದ್ದುವುದೆಂದರೆ — ಮೈಯೆಲ್ಲ ಉರಿಯಿತು. “ನಿನ್ನ ಅಪ್ಪ ದುಬೈಗೆ ಹೋದದ್ದೇ ಸುಳ್ಳು. ಬೊಂಬಾಯಿಯ ಯಾವುದೋ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿರಬೇಕು” ಎಂದು ಬೆತ್ತದಿಂದ ಎರಡು ಬಿಗಿದೆ. ತರಗತಿ ನಕ್ಕಿತು. ನೀನು ಅಳಲೂ ಇಲ್ಲ, ಉತ್ತರ ಅಳಿಸಲೂ ಇಲ್ಲ. ಅದಕ್ಕೇ ಇನ್ನೆರಡು ಏಟು.

ಮರುದಿನ ನಕ್ಷೆಯ ಮೇಲೆ ದಾರ ಹಿಡಿದು ಅಳೆದೆ. ಎರಡು ಸಾವಿರ ಕಿಲೋಮೀಟರಿನ ಹತ್ತಿರ. ಒಂದೂವರೆ ಗಂಟೆಯಲ್ಲಿ ಹೇಗೆ ಸಾಧ್ಯ? ಪಶ್ಚಿಮಕ್ಕೆ ಹೋದಂತೆ ಗಡಿಯಾರ ಹಿಂದಾಗುತ್ತದೆ — ಥೂ, ಆ ಪಾಠವನ್ನು ನಿಮಗೆ ಮಾಡಿದವನೇ ನಾನು! ತರಗತಿಯಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಕ್ಷೆ ಸುತ್ತಿ ಕಪಾಟಿನಲ್ಲಿಟ್ಟೆ.

ಅಷ್ಟರಲ್ಲಿ ಮೇಷ್ಟ್ರ ಮಾತು ಊರ ಮಾತಾಗಿತ್ತು. ನಿನ್ನ ತಾಯಿ ಕಾಗದದ ಕವರು ಹಿಡಿದು ಶಾಲೆಯ ಜಗಲಿಗೆ ಬಂದರು. “ನೀವು ಓದಿದವರು ಮಾಷ್ಟ್ರೆ. ಅವರು ದುಬೈಯಲ್ಲಿ ಇಲ್ಲ, ಬೊಂಬಾಯಿಯಲ್ಲಿ ಬೇರೆ ಸಂಸಾರ ಉಂಟು ಅಂತ ಎಲ್ಲ ಹೇಳುದು. ಹೌದಾ?”

ಕವರಿನ ಮೇಲೆ ದುಬೈಯ ಮುದ್ರೆ ಸ್ಪಷ್ಟವಾಗಿತ್ತು. ನೋಡಿದೆ. “ನನಗೆಂತ ಗೊತ್ತು” ಎಂದೆ.

ಮುಂದಿನ ವಾರ ನೀನು ಶಾಲೆಗೆ ಬರಲಿಲ್ಲ. ಮರ್ಯಾದೆ ಹೋದದ್ದು ಸಾಕೆಂದು ನಿನ್ನ ಮಾವ ಬಿಡಿಸಿದರಂತೆ. ನೀನು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತ ಕೂತಿರುವುದನ್ನು ದಿನವೂ ಕಂಡೇ ನಾನು ಪಾಠಕ್ಕೆ ಹೋಗುತ್ತಿದ್ದೆ.

ಎರಡು ವರ್ಷದ ಮೇಲೆ ಊರಿಗೆ ಬಂದ ನಿನ್ನ ತಂದೆ ಶಾಲೆಗೆ ಬಂದು ನನ್ನ ಮೇಜಿನ ಮೇಲೆ ಪಾಸ್‌ಪೋರ್ಟು ಬಿಡಿಸಿಟ್ಟರು. “ಸೀಲು ನೋಡಿ ಮಾಷ್ಟ್ರೆ. ಮಗಳು ಲೆಕ್ಕದಲ್ಲಿ ಹುಷಾರಿದ್ದಳು” — ಅಷ್ಟೇ ಅವರ ಮಾತು. ನಾನೇನೆಂದೆ ಗೊತ್ತೇ? “ಮಕ್ಕಳ ಮಾತು ನಂಬಬೇಡಿ ಮಾರಾಯ್ರೆ, ನಾನು ಹಾಗೆ ಹೇಳಿಯೇ ಇಲ್ಲ.” ನಿನ್ನನ್ನು ಎರಡನೆಯ ಸಲ ಸುಳ್ಳಿಯಾಗಿಸಿದೆ.

ತಿಳಿಯದೆ ಹೊಡೆದದ್ದಕ್ಕೆ ಯಾರಾದರೂ ಕ್ಷಮಿಸಿಯಾರು. ತಿಳಿದೂ ಸುಮ್ಮನಿದ್ದ ಆ ಮನುಷ್ಯನ ಮೇಲೆ ನನಗೇ ಹೇಸಿಗೆ, ಸಿಟ್ಟು — ಆ ಮನುಷ್ಯ ಇನ್ನೂ ನಾನೇ.

ಇದೆಲ್ಲ ಆಗಿ ಹತ್ತು ವರ್ಷದ ಮೇಲೆ, ಕಳೆದ ವಾರ ಪುತ್ತೂರಿನ ಬಸ್ಸಿನಲ್ಲಿ ನೀನಿದ್ದೆ, ಮಡಿಲಲ್ಲಿ ಮಗುವಿತ್ತು. ನನ್ನನ್ನು ಕಂಡು ಮಗುವನ್ನು ಸೊಂಟಕ್ಕೇರಿಸಿ ಎದ್ದು ನಿಂತೆ. “ಕೂತುಕೊಳ್ಳಿ ಸರ್.”

ನಾನು ಕೂತೆ. ಕಬಕದವರೆಗೂ ಕೂತೇ ಇದ್ದೆ, ಒಂದು ಮಾತೂ ಆಡದೆ.