ಕಿಟಕಿ ತೆಗೆದರೆ ಬಾಣಂತಿಗೆ ನೀರು

ಚನ್ನರಾಯನದುರ್ಗದ ಸುತ್ತ ಬಾಣಂತಿಯರಿಗೆ ನೀರು ಹಾಕುತ್ತಿದ್ದವಳು ಹೊನ್ನಕ್ಕ. ಹೆರಿಗೆ ಮಾಡಿಸಿದ ಸೂಲಗಿತ್ತಿ ಸೀರೆ, ಕುಪ್ಪಸ ಪಡೆದು ಹೋದಮೇಲೆ ನಲವತ್ತು ದಿನ ಹಂಡೆ ತುಂಬುವುದು, ಸೌದೆ ಒಟ್ಟುವುದು, ಎಣ್ಣೆ ತಿಕ್ಕುವುದು, ಬಿಸಿನೀರು ಹೊತ್ತು ತಂದು ಸುರಿಯುವುದು ಅವಳ ಪಾಲು. ಅದನ್ನು ಯಾರೂ ವಿದ್ಯೆ ಎಂದು ಕರೆಯಲಿಲ್ಲ.

ಕೋಣೆಯ ಕಿಟಕಿಗೆ ಹಳೆ ಸೀರೆ ತುರುಕಿ, ಇದ್ದಲಿನ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಹಾಕುವುದೂ ಅವಳ ಕೆಲಸವೇ ಆಗಿತ್ತು. ಹಾಗೆ ಅವಳೇ ಹಾಕಿದ ಬಾಗಿಲ ಹಿಂದೆ ಹದಿನೇಳರ ಬಾಣಂತಿಯೊಬ್ಬಳು ಬೆಳಗ್ಗೆ ಏಳಲಿಲ್ಲ. ತುಟಿ ಮಾತ್ರ ಎಲೆಯಡಿಕೆ ಹಾಕಿದಷ್ಟು ಕೆಂಪು. ಸನ್ನಿ ಎಂದರು, ಗಾಳಿ ಸೋಂಕು ಎಂದರು. ಹೊನ್ನಕ್ಕನೂ ನಂಬಿದಳು.

ಮರುವರ್ಷದ ಮಾಗಿಯಲ್ಲಿ ಅವಳ ಗಂಡ ಬೋರಪ್ಪ, ಎಳೆ ಕುರಿಮರಿಗಳಿಗೆ ಚಳಿಯಾದೀತೆಂದು ಅವನ್ನು ಕೋಣೆಗೆ ಕೂಡಿ, ಕೆಂಡವಿಟ್ಟು, ಕದ ಮುಚ್ಚಿದ. ಬೆಳಗ್ಗೆ ಐದು ಮರಿ ಸತ್ತಿದ್ದವು. ಹೊನ್ನಕ್ಕ ಒಂದರ ಬಾಯಿ ಬಿಡಿಸಿದಳು. ವಸಡು ಆ ಹುಡುಗಿಯ ತುಟಿಯಂತೆಯೇ ಕೆಂಪಗಿತ್ತು.

"ಮರಿಗೂ ಬಾಣಂತಿ ಸನ್ನಿ ಬತ್ತಾ?" ಎಂದು ಗಂಡನನ್ನು ಕೇಳಿದಳು.

ಅಂದಿನಿಂದ ಸುತ್ತಲ ಊರುಗಳಲ್ಲಿ ನೀರು ಹಾಕುವ ಹೆಂಗಸರಿಗೆಲ್ಲ, ಬಾವಿಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಕುರಿಮರಿಗಳ ಕಥೆ ಹೇಳತೊಡಗಿದಳು. ಕೇಳಿದವರು ನಕ್ಕರು, ನಕ್ಕವರೂ ನೆನಪಿಟ್ಟುಕೊಂಡರು.

ನಂದೀಶ್ವರಯ್ಯನವರ ಸೊಸೆ ಸರೋಜಮ್ಮ ಹೆತ್ತು ಒಂಬತ್ತನೆಯ ದಿನ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು.

"ಹಿತ್ತಲಿಗೆ ಹೋದ್ರೆ ನೋವು ಇಳೀತದೆ, ಒಳಗೆ ಬಂದ್ರೆ ಏರ್ತದೆ. ಕಳ್ಳಾಟ," ಎಂದರು ಅತ್ತೆ ದಾಕ್ಷಾಯಣಮ್ಮ.

ಹೊನ್ನಕ್ಕ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ಕಳ್ಳಾಟ ಅಲ್ಲ ಕಣವ್ವಾರೆ, ಕೆಂಡದ ಆಟ. ಅಗ್ಗಿಷ್ಟಿಕೆ ಆಚೆಗೆ ಹಾಕಿ, ಕಿಟಕಿ ತೆಗೀರಿ. ಆಮೇಲೆ ನೀರು ಹಾಕ್ತೀನಿ."

"ಶೀತ ಆದ್ರೆ ನೀನು ಹೆರ್ತೀಯೇನೇ ಇನ್ನೊಂದು ಮಗೂನ?"

"ಚಳಿಗೆ ನಮ್ಮನೆ ಕಂಬಳಿ ತಂದಿವ್ನಿ. ಕಂಬಳಿಗೆ ಮೈಲಿಗೆ ಇಲ್ಲ, ನಿಮಗೇ ಗೊತ್ತಲ್ಲ."

"ಹೋಗೇ! ನೀರು ಹಾಕೋಕೆ ಪಕ್ಕದೂರಿನ ಮುನಿಯಮ್ಮನ್ನ ಕರೆಸ್ತೀನಿ."

"ಕರೆಸಿ. ಅವ್ಳೂ ಮೊದ್ಲು ಕಿಟಕೀನೇ ನೋಡೋದು."

ಹೊನ್ನಕ್ಕ ಜಗಲಿಯಲ್ಲಿ ಕೂತಳು. ಒಳಗೆ ದಾಕ್ಷಾಯಣಮ್ಮ ಸೆರಗು ಸಿಕ್ಕಿಸಿ ತಾವೇ ಹಂಡೆಯತ್ತ ಹೋದರು. ಮೊದಲ ಬಿಂದಿಗೆ ಬಚ್ಚಲು ಸೇರಿತು. ಎರಡನೆಯದು ಅಂಗಳದಲ್ಲಿ ಚೆಲ್ಲಿತು. ಮೂರನೆಯದನ್ನು ಎತ್ತಲು ಬಗ್ಗಿದವರು ಹಾಗೇ ಹಂಡೆಯ ಕಟ್ಟೆಯ ಮೇಲೆ ಕುಕ್ಕರಿಸಿ, ಬಹಳ ಹೊತ್ತು ಕೋಣೆಯ ಕಡೆ ನೋಡಿದರು. ಒಳಗಿನಿಂದ ಸೊಸೆಯ ನರಳಾಟವೂ ಈಗ ಕೇಳುತ್ತಿರಲಿಲ್ಲ.

ಎದ್ದವರು ನೇರ ಹೋಗಿ ಕಿಟಕಿಯಿಂದ ಸೀರೆ ಕಿತ್ತರು. "ಬಾರೇ ಹೊನ್ನಕ್ಕ, ಇದನ್ನ ಹಿಡಿಯೇ!"

ಇಬ್ಬರೂ ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಹಾಕಿ, ಸರೋಜಮ್ಮನನ್ನು ಕಂಬಳಿಯಲ್ಲಿ ಸುತ್ತಿ ಜಗಲಿಗೆ ಸಾಗಿಸಿದರು, ಮಗುವನ್ನೂ ತಂದರು. ಬಿಸಿಲು ಕಂಬದ ಬುಡ ಮುಟ್ಟುವ ಹೊತ್ತಿಗೆ ಅವಳು ಕಣ್ಣು ಬಿಟ್ಟು, "ಹಸಿವು," ಎಂದಳು.

ದಾಕ್ಷಾಯಣಮ್ಮ ಕಿತ್ತು ತಂದ ಸೀರೆಯನ್ನು ಮಡಚುತ್ತ ಕೂತಿದ್ದರು. ಅವರದೇ ಹಳೆಯ ಸೀರೆ.

"ನನ್ನ ಮೂರು ಬಾಣಂತನದಲ್ಲೂ ತಲೆ ಹಿಂಗೇ ಸಿಡೀತಿತ್ತು ಕಣೆ. ನಮ್ಮತ್ತೆನೂ ಕಳ್ಳಾಟ ಅಂತಿದ್ರು."

"ಅದನ್ನ ಸೊಸೆಗೆ ಹೇಳಿ ಅವ್ವಾರೆ," ಎಂದು ಹೊನ್ನಕ್ಕ ಬಿಂದಿಗೆ ಎತ್ತಿಕೊಂಡಳು. "ನೀರು ಆರೋಯ್ತದೆ."