ಸದರಿ ದೆವ್ವ

ಹೆಂಗಸು ವಿಡಿಯೋ ಗೇಮ್ ಆಡ್ತಾಳೆ ಅಂದ್ರೆ ನಮ್ಮ ಚಂದ್ರಾ ಲೇಔಟಿನಲ್ಲಿ ಇವತ್ತಿಗೂ ನಗ್ತಾರೆ. ಅದರಲ್ಲೂ ಬಸವೇಶ್ವರನಗರದ ಹೈಸ್ಕೂಲಿನಲ್ಲಿ ಸಂಧಿ ಸಮಾಸ ಹೇಳಿಕೊಡೋ ಕನ್ನಡ ಮಿಸ್ಸು, ತಲೆ ಅರ್ಧ ನರೆತವಳು, ಸೋಫಾ ಮೇಲೆ ಕಾಲು ಮಡಚಿ ಕೂತು, "ಬಾರೋ, ಬಾ, ಇವತ್ತು ನಿನಗಿದೆ" ಅಂತ ಟಿವಿಗೆ ಬಯ್ಯೋದು ಅಂದ್ರೆ ಕೇಳಬೇಕಾ? ನಗಲಿ ಬಿಡಿ. ಆಪರೇಷನ್ ಆಗಿ ನಾನು ಮನೆಯಲ್ಲಿ ಮಲಗಿದ್ದಾಗ, ತನ್ನ ಅವಳಿ ಮಕ್ಕಳ ಕೈಗೆ ಸಿಕ್ಕರೆ ಉಳಿಯಲ್ಲ ಅಂತ ಹೆದರಿ ನನ್ನ ತಮ್ಮ ಅವನ ಗೇಮ್ ಪೆಟ್ಟಿಗೆ ತಂದು ನಮ್ಮ ಹಾಲಿನಲ್ಲಿ ಇಟ್ಟುಹೋದ. ಧಾರಾವಾಹಿ ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಒಂದು ಆಡಿದೆ, ಇನ್ನೊಂದು ಆಡಿದೆ. ಹೊಲಿಗೆ ಮಾಗಿತು, ಚಟ ಉಳೀತು.

ಆಮೇಲೆ ಮಾತಾಡೋ ಚಟ ಬೇರೆ ಹುಟ್ಟಿನಿಂದಲೇ ಇದೆಯಲ್ಲ. ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಮಾಡೋ ಚಾನೆಲ್ ಶುರು ಮಾಡಿದೆ. ಮುಖ ತೋರಿಸಲ್ಲ, ದನಿ ಮಾತ್ರ. ನೋಡೋರೆಲ್ಲ ಕಾಲೇಜು ಹುಡುಗರು. ಮೊದಲನೇ ವಿಡಿಯೋದಲ್ಲೇ ದನಿ ಕೇಳಿ ಟೀಚರ್ ಅಂತ ಕಂಡುಹಿಡಿದು ‘ಮಿಸ್’ ಅಂತಲೇ ಕರೆದರು. ಪ್ರತಿ ವಿಡಿಯೋದ ಶುರುವಿನಲ್ಲೂ ನಾನು ಒಂದು ಮಾತು ಹೇಳ್ತಿದ್ದೆ: "ಈ ಗೇಮ್ ನಾನೇ ಕೊಂಡಿದ್ದು. ಮಾಡಿದವರು ನನಗೆ ಒಂದು ಲೋಟ ಕಾಫಿನೂ ಕುಡಿಸಿಲ್ಲ. ಇದರಲ್ಲಿ ನನ್ನ ಕಡೆಯವರು ಯಾರೂ ಇಲ್ಲ. ನಾನು ಯಾರ ಹಂಗಿನಲ್ಲೂ ಇಲ್ಲ." ಇದು ಸುಮ್ಮನೆ ಶೋಕಿಗೆ ಹೇಳಿದ್ದಲ್ಲ. ಕಂಪನಿಯವರು ಬಿಟ್ಟಿ ಗೇಮ್ ಕಳಿಸ್ತಾರೆ, ಟೀಶರ್ಟ್ ಕಳಿಸ್ತಾರೆ, ವಿಮರ್ಶಕರು ಬಾಯಿ ತುಂಬ ಹೊಗಳ್ತಾರೆ, ನೋಡೋರು ‘ಎಷ್ಟು ತಿಂದೆ?’ ಅಂತ ಕೇಳ್ತಾರೆ. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿನೇ ಜಂಬ ಇತ್ತು.

ಹೀಗಿರುವಾಗ ಹೊರದೇಶದ ಒಂದು ದೆವ್ವದ ಗೇಮ್ ಕನ್ನಡದಲ್ಲಿ ಬಂತು. ಮಾತು ಇಂಗ್ಲಿಷಿನದೇ, ಆದರೆ ಟಿವಿ ಮೇಲೆ ಮೂಡೋ ಬರಹವೆಲ್ಲ ಕನ್ನಡ. ನನಗೆ ಹಿಡಿಸಲಾರದಷ್ಟು ಖುಷಿ. ಭಾನುವಾರ ಊಟ ಮುಗಿಸಿ, ಕರ್ಟನ್ ಎಳೆದು ಕತ್ತಲೆ ಮಾಡಿಕೊಂಡು ಕೂತೆ. ಪಾಳುಬಿದ್ದ ಬಂಗಲೆ, ಒಳಗೆ ಹೋಗಬೇಕು. ಬಾಗಿಲು ಮುಟ್ಟಿದರೆ ಹೀಗೆ ಬಂತು: "ಸದರಿ ಬಾಗಿಲನ್ನು ತೆರೆಯಲು ಕೀಲಿಕೈ ಅಗತ್ಯವಿರುತ್ತದೆ."

ಸದರಿ! ‘ಮೇಲೆ ಹೇಳಿದ ಅದೇ’ ಅನ್ನೋದಕ್ಕೆ ಸರ್ಕಾರಿ ಕಾಗದದಲ್ಲಿ ಬರೆಯೋ ಪದ. ಕಚೇರಿ ಕಾಂಪೌಂಡ್ ದಾಟಿ ಹೊರಗೆ ಬಂದಿದ್ದನ್ನು ನಾನಂತೂ ನೋಡಿರಲಿಲ್ಲ. ಇರಲಿ ಅಂತ ಕೀಲಿಕೈ ಹುಡುಕಿ ಒಳಗೆ ಹೋದೆ. ಮೆಟ್ಟಿಲ ಮೇಲಿಂದ ಕೂದಲು ಬಿಚ್ಚಿಕೊಂಡ ದೆವ್ವ ಇಳಿದು ಬಂತು. ನನ್ನೆದೆ ಡವಡವ. ಆಗ ಕೆಳಗಡೆ ಮೂಡಿತು: "ತಾವು ಕೂಡಲೇ ಈ ಸ್ಥಳದಿಂದ ನಿರ್ಗಮಿಸತಕ್ಕದ್ದು." ‘ಓಡು’ ಅಂದಿದ್ದರೆ ಓಡ್ತಿದ್ದೆ. ಇದನ್ನು ಓದಿ ಮುಗಿಸೋ ಹೊತ್ತಿಗೆ ದೆವ್ವ ಕತ್ತು ಹಿಸುಕಿ ಆಗಿತ್ತು. ರಕ್ತ ಸೋರೋ ಅಕ್ಷರದಲ್ಲಿ ಬಂತು: "ಸದರಿ ದೆವ್ವದಿಂದ ತಾವು ಮೃತಪಟ್ಟಿರುತ್ತೀರಿ. ಪುನಃ ಪ್ರಯತ್ನಿಸಲು ಕೋರಲಾಗಿದೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವಿಡಿಯೋದಲ್ಲಿ ನನ್ನ ನಾಲಿಗೆಗೆ ಲಗಾಮೇ ಇರಲಿಲ್ಲ. "ಗೇಮ್ ಚೆನ್ನಾಗಿದೆ, ಕನ್ನಡ ದರಿದ್ರವಾಗಿದೆ. ಇದನ್ನು ಬರೆದ ಪುಣ್ಯಾತ್ಮನಿಗೆ ಹೆದರಿಸೋಕೆ ಬರಲ್ಲ, ಅರ್ಜಿ ತಿರಸ್ಕರಿಸೋಕೆ ಚೆನ್ನಾಗಿ ಬರುತ್ತೆ. ಈ ದೆವ್ವ ಕೊಲ್ಲೋಕೆ ಮುಂಚೆ ಆಧಾರ್ ಜೆರಾಕ್ಸ್ ಕೇಳುತ್ತೆ. ಜನ್ಮದಲ್ಲಿ ಯಾರ ಹತ್ತಿರಾನೂ ಮನಸ್ಸು ಬಿಚ್ಚಿ ಮಾತಾಡದ ಮನುಷ್ಯ ಇರಬೇಕು." ಹುಡುಗರು ಆ ತುಣುಕು ಕತ್ತರಿಸಿ ಊರಿಗೆಲ್ಲ ಹಂಚಿದರು. ನನ್ನ ಕ್ಲಾಸಿನಲ್ಲೇ ಒಬ್ಬ, ಆ ದನಿ ನಂದು ಅಂತ ಗೊತ್ತಿಲ್ಲದೆ, "ಮಿಸ್, ಸದರಿ ಹೋಂವರ್ಕ್ ತಂದಿರುವುದಿಲ್ಲ" ಅಂದ. ನಾನು ಗಂಭೀರವಾಗಿ ಹೊರಗೆ ನಿಲ್ಲಿಸಿದೆ, ಒಳಗೊಳಗೆ ಉಬ್ಬಿದೆ.

ಈಗ ನಮ್ಮೆಜಮಾನ್ರ ವಿಷಯ. ಸರ್ಕಾರಿ ಕಚೇರಿಯೊಂದರಲ್ಲಿ ಫೈಲು ನೋಡ್ತಾ ಆಯಸ್ಸು ಕಳೆದು ರಿಟೈರ್ ಆದವರು. ಮಾತು ಕಡಿಮೆ. ನನಗೆ ಕಾಗದ ಬರೆದವರೂ ಅಲ್ಲ, ರಾಜಾಜಿನಗರದಿಂದ ಚಂದ್ರಾ ಲೇಔಟಿಗೆ ಕೊಟ್ಟ ಹೆಣ್ಣಿಗೆ ಯಾರು ಕಾಗದ ಬರೀತಾರೆ? ರಿಟೈರ್ ಆದ ಮೇಲೆ ಅವರನ್ನು ನೋಡೋಕಾಗ್ತಿರಲಿಲ್ಲ. ಸುಮ್ಮಸುಮ್ಮನೆ ಫ್ರಿಜ್ ತೆಗೆದು ನಿಂತಿರೋರು, ಬಾಗಿಲಲ್ಲಿ ನಿಂತು ಹೋಗೋ ಬರೋ ಆಟೋ ನೋಡೋರು. ಆಮೇಲೆ ಅದೆಲ್ಲೋ ಒಂದು ಕಂಪನಿಯ ಅನುವಾದದ ಕೆಲಸ ಹುಡುಕಿಕೊಂಡರು. ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಷರ್ಟ್ ಹಾಕಿಕೊಂಡು, ಇನ್‌ಷರ್ಟ್ ಮಾಡಿ, ಮಹಡಿ ರೂಮಿಗೆ ಹೋಗಿ ಕೂರೋರು. ಏನು ಕೆಲಸ ಅಂದ್ರೆ "ಕಂಪನಿದು" ಅಂತ ಅಷ್ಟೇ. ವಾಷಿಂಗ್ ಮೆಷೀನ್ ಜೊತೆ ಕೊಡೋ ಪುಸ್ತಕ ಇರಬೇಕು ಅಂದುಕೊಂಡೆ. ಮನುಷ್ಯನಿಗೆ ಜೀವ ಬಂದಿತ್ತು, ನನಗೆ ಅಷ್ಟು ಸಾಕಿತ್ತು.

ಗಲಾಟೆ ಎದ್ದಿದ್ದು ನನ್ನ ತವರಿನ ಕಡೆಯಿಂದಲೇ. ರಾಜಾಜಿನಗರದಲ್ಲಿ ಒಬ್ಬ ಹುಡುಗ ಇದಾನೆ, ನನಗಿಂತ ಎಷ್ಟೋ ದೊಡ್ಡ ಗೇಮ್ ಚಾನೆಲ್ಲು ಅವನದು. ಕಂಪನಿ ಕಳಿಸಿದ ಟೀಶರ್ಟನ್ನೇ ಹಾಕಿಕೊಂಡು ಕೂತು ಪ್ರಾಮಾಣಿಕತೆ ಬಗ್ಗೆ ಭಾಷಣ ಮಾಡಿದ. "ಗುರು, ಅಪರೂಪಕ್ಕೆ ಒಂದು ಗೇಮ್ ಕನ್ನಡದಲ್ಲಿ ಬಂದಿದೆ. ಅದನ್ನೂ ಈ ಮಿಸ್ಸು ಆಡ್ಕೊಂಡು ನಗ್ತಾರೆ ಅಂದ್ರೆ ಹಿಂದೆ ಯಾರಿದಾರೆ? ಕನ್ನಡ ಬೇಡ ಅನ್ನೋರು ಎಷ್ಟು ಕೊಟ್ರು?" ಕನ್ನಡ ಪಾಠ ಮಾಡಿ ಮಾಡಿ ಗಂಟಲು ಹರಿದುಕೊಂಡ ನನಗೆ ಕನ್ನಡದ್ರೋಹಿ ಪಟ್ಟ! ಮೈಯೆಲ್ಲ ಉರಿದುಹೋಯಿತು.

ಆ ಗದ್ದಲದ ಮಧ್ಯೆ ನನ್ನ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂತು. ಬರೆದವರ ಹೆಸರಿದ್ದ ಜಾಗದಲ್ಲಿ ‘ಒಬ್ಬ ಸಾರ್ವಜನಿಕ’ ಅಂತಿತ್ತು. "ಸದರಿ ವಿಮರ್ಶಕಿಯವರಿಗೂ ಸದರಿ ಆಟದ ಅನುವಾದಕರಿಗೂ ಸಂಬಂಧವಿರುವುದಾಗಿ ತಿಳಿದುಬಂದಿದ್ದು, ಈ ಬಗ್ಗೆ ವಿಮರ್ಶಕಿಯವರು ಸ್ಪಷ್ಟೀಕರಣ ನೀಡತಕ್ಕದ್ದು. ಮಾಹಿತಿಗಾಗಿ ಹಾಗೂ ಮುಂದಿನ ಅಗತ್ಯ ಕ್ರಮಕ್ಕಾಗಿ." ಯಾರೋ ತರಲೆ ನನ್ನ ಮಗ ಗೇಮಿನ ಭಾಷೆಯನ್ನೇ ಅಣಕಿಸಿದಾನೆ ಅಂದುಕೊಂಡೆ. ಎಷ್ಟು ಚೆನ್ನಾಗಿ ಅಣಕಿಸಿದಾನೆ ಅಂತ ಮೆಚ್ಚಿಕೊಂಡೆ ಕೂಡ. ರಾಜಾಜಿನಗರದ ಹುಡುಗ ಮಾತ್ರ ಅದನ್ನೇ ಹಿಡಿದು ಇನ್ನೊಂದು ವಿಡಿಯೋ ಮಾಡಿದ. "ಏನು ಸಂಬಂಧ ಮಿಸ್? ಉತ್ತರ ಕೊಡಿ." ಎಲ್ಲರೂ ಅದನ್ನೇ ಕೇಳೋಕೆ ಶುರು ಮಾಡಿದರು.

ಮಾರನೇ ದಿನ ತಿಂಡಿಗೆ ಅಕ್ಕಿರೊಟ್ಟಿ ಮಾಡಿದ್ದೆ. ನಮ್ಮೆಜಮಾನ್ರೂ ಸ್ವಲ್ಪ ನಗಲಿ ಅಂತ, ವಾರದಿಂದ ಮುಖ ಗಂಟಿಕ್ಕಿಕೊಂಡಿದ್ದರು ಬೇರೆ, ಫೋನಿನಲ್ಲಿ ಆ ಕಾಮೆಂಟನ್ನು ಜೋರಾಗಿ ಓದಿದೆ. "...ಮಾಹಿತಿಗಾಗಿ ಹಾಗೂ ಮುಂದಿನ ಕ್ರಮಕ್ಕಾಗಿ."

ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಗತ್ಯ ಕ್ರಮ," ಅಂದರು.

"ಏನು?"

"ಮುಂದಿನ ಅಗತ್ಯ ಕ್ರಮಕ್ಕಾಗಿ. ಅಗತ್ಯ ಅನ್ನೋದು ಬಿಟ್ಟೆ ನೀನು."

ಫೋನ್ ನೋಡಿದೆ. ಹೌದು, ಬಿಟ್ಟಿದ್ದೆ. ಅವರ ಕೈಯಲ್ಲಿ ಫೋನೂ ಇರಲಿಲ್ಲ, ಕಣ್ಣಿಗೆ ಕನ್ನಡಕಾನೂ ಇರಲಿಲ್ಲ.

"ರೀ, ಇದನ್ನ ಬರೆದಿದ್ದು ನೀವಾ?"

"ಹೂಂ."

"ಹಾಗಾದ್ರೆ ಆ ದೆವ್ವ?"

"ಅದೂ ನಂದೇ."

ಮನಸ್ಸು ಬಿಚ್ಚಿ ಮಾತಾಡದ ಮನುಷ್ಯ ಅಂತ ನಾನು ಊರಿಗೆಲ್ಲ ಸಾರಿದ್ದು ಯಾರ ಬಗ್ಗೆ ಅಂತ ಆಗ ಹೊಳೀತು. ನಾಚಿಕೆಯಿಂದ ಕುಗ್ಗಿಹೋದೆ. ಕುಗ್ಗಿದಾಗ ನಾನು ಮಾಡೋದು ಒಂದೇ, ರೇಗೋದು. "ಒಂದೇ ಮನೇಲಿದೀವಿ, ಬಾಯಲ್ಲಿ ಹೇಳೋಕೆ ಏನು ಧಾಡಿ ನಿಮಗೆ?"

"ಯಾರಿಗೂ ಹೇಳಬಾರದು ಅಂತ ಕಂಪನಿಯವರು ಸಹಿ ಹಾಕಿಸಿಕೊಂಡಿದಾರೆ ಕಣೇ."

"ನಾನೇನು ಯಾರೋನಾ?"

"ಹೆಂಡತಿಯನ್ನು ಹೊರತುಪಡಿಸಿ ಅಂತ ಅದರಲ್ಲಿಲ್ಲ."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಆಫೀಸಿನಲ್ಲಿ ನೆಂಟರ ಫೈಲು ಟೇಬಲ್ಲಿಗೆ ಬಂದರೆ, ‘ಇವರು ನನ್ನ ಸಂಬಂಧಿ’ ಅಂತ ಬರೆದು ಪಕ್ಕದವರಿಗೆ ದಾಟಿಸಬೇಕಂತೆ. ‘ಇದರಲ್ಲಿ ನನ್ನ ಕಡೆಯವರು ಯಾರೂ ಇಲ್ಲ’ ಅಂತ ಆ ವಿಡಿಯೋದಲ್ಲೂ ನಾನು ಹೇಳಿದ್ದು ಕೇಳಿದಾಗಿನಿಂದ ಅವರಿಗೆ ಊಟ ಸೇರಿರಲಿಲ್ಲ. ಗೊತ್ತಿಲ್ಲದೆ ನನ್ನ ಬಾಯಲ್ಲಿ ಸುಳ್ಳು ಬಂತಲ್ಲ ಅಂತ. ಹೇಳೋ ಹಾಗಿಲ್ಲ, ಸುಮ್ಮನಿರೋಕೂ ಆಗಲ್ಲ. ಅದಕ್ಕೆ ಮೂಗರ್ಜಿ ಹಾಕಿದ್ದರು. ಹೆಸರಿಲ್ಲದೆ ಬರೆಯೋ ದೂರಿಗೆ ಆಫೀಸಿನವರು ಹಾಗನ್ನೋದು. ಸರ್ವೀಸಿನುದ್ದಕ್ಕೂ ಬಂದ ಮೂಗರ್ಜಿಗಳನ್ನೆಲ್ಲ ಕಸದಬುಟ್ಟಿಗೆ ಎಸೆದ ಮನುಷ್ಯ, ತಾವು ಬರೆದ ಒಂದೇ ಒಂದನ್ನು ಕಟ್ಟಿಕೊಂಡ ಹೆಂಡತಿ ಮೇಲೆ ಬರೆದಿದ್ದರು.

ಈಗ ನಾನು ಉತ್ತರ ಕೊಡಬೇಕಿತ್ತು. ಹೌದು, ಅನುವಾದಕರು ನನ್ನ ಗಂಡ ಅಂದರೆ ಸಹಿ ಮುರಿದ ಹಾಗೆ, ಅವರ ಕೆಲಸ ಹೋಗುತ್ತೆ, ಮತ್ತೆ ಫ್ರಿಜ್ ತೆಗೆದು ನಿಲ್ತಾರೆ. ಸಂಬಂಧ ಇಲ್ಲ ಅಂದರೆ ನನ್ನ ಮಾತಿಗೆ ಬೆಲೆ ಇರಲ್ಲ. ದಿನಾ ‘ಹಂಗಿಲ್ಲ, ಹಂಗಿಲ್ಲ’ ಅಂತ ಡಂಗುರ ಹೊಡೆದ ನಾನೇ ಹೇಳಿದೆ, "ಸುಮ್ಮನಿದ್ದುಬಿಡೋಣ ರೀ. ನಾಲ್ಕು ದಿನ ಕೂಗಿ ಮರೀತಾರೆ."

"ಬೇಡ, ಹೇಳಿಬಿಡು," ಅಂದರು. "ಬೆಳಗ್ಗೆ ಹೋಗಿ ಕೂತಾಗೆಲ್ಲ, ಈ ಕುರ್ಚಿ ಉಳಿಸೋಕೆ ಅವಳು ಬಾಯಿ ಮುಚ್ಕೊಂಡಳು ಅನ್ನಿಸ್ತಾ ಇದ್ರೆ ನನ್ನ ಕೈಲಿ ಕೆಲಸ ಮಾಡೋಕಾಗಲ್ಲ." ಅವರ ಬಾಯಲ್ಲಿ ಅಷ್ಟುದ್ದದ ಮಾತು ಕೇಳಿ ನಾನು ವಿಡಿಯೋ ಮಾಡೋಕೆ ಕೂತೆ.

ಹೇಳಿದೆ. ಅನುವಾದ ಮಾಡಿದವರು ನಮ್ಮ ಯಜಮಾನರು. ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಈ ಗೇಮ್ ಮುಟ್ಟುತ್ತಿರಲಿಲ್ಲ. ಕನ್ನಡದ ಬಗ್ಗೆ ಅಂದಿದ್ದು ಹಾಗೇ ಇರಲಿ, ಮನುಷ್ಯನ ಬಗ್ಗೆ ಅಂದಿದ್ದನ್ನು ವಾಪಸ್ ತಗೋತೀನಿ. ಇಷ್ಟೇ ಹೇಳಿದ್ದು.

ನಿಜ ಹೇಳಿದರೆ ಜನ ನಂಬ್ತಾರೆ ಅಂತ ಮಕ್ಕಳಿಗೆ ಪಾಠ ಮಾಡೋಳು ನಾನು! ಗೇಮ್ ಚೆನ್ನಾಗಿದೆ ಅಂದಿದ್ದೇ ಗಂಡನಿಗೋಸ್ಕರ ಅಂತ ಅರ್ಧ ಜನ. ಕಟ್ಟಿಕೊಂಡ ಗಂಡನ ಮಾನ ಹರಾಜು ಹಾಕಿದಳು ಅಂತ ಇನ್ನರ್ಧ. ಎರಡನ್ನೂ ಒಂದೇ ಉಸಿರಲ್ಲಿ ಅಂದ ಬುದ್ಧಿವಂತರೂ ಇದ್ದರು. ರಾಜಾಜಿನಗರದ ಹುಡುಗ ಇನ್ಯಾವುದೋ ಕಂಪನಿಯ ಟೀಶರ್ಟ್ ಹಾಕಿಕೊಂಡು, "ಗಂಡ ಹೆಂಡ್ತಿ ಸೇರ್ಕೊಂಡು ವ್ಯೂಸ್‌ಗೆ ನಾಟಕ ಆಡಿದಾರೆ ಮಗಾ" ಅಂದ. ಅಷ್ಟರಲ್ಲಿ ಶಾಲೆಗೂ ಸುದ್ದಿ ಹೋಗಿತ್ತು. ಸ್ಟಾಫ್‌ರೂಮಿನಲ್ಲಿ ಗಣಿತದ ಮಿಸ್ಸು ನನ್ನ ಪಕ್ಕ ಕೂತು, "ಎಷ್ಟೇ ಆದ್ರೂ ಗಂಡ ಅಲ್ವೇನ್ರೀ, ಸ್ವಲ್ಪ ನೋಡಿ ಮಾರ್ಕ್ಸ್ ಹಾಕಬಾರದಿತ್ತಾ?" ಅಂದರು. ಪಬ್ಲಿಕ್ ಪರೀಕ್ಷೆಯ ಪೇಪರ್ ತಿದ್ದೋಕೆ ಹೋಗೋರು ಇವರು.

ಕಂಪನಿಯಿಂದ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯ ಒಂದು ಮೇಲ್ ಬಂತು. ಕೆಲಸ ಮುಗೀತು. ಅವತ್ತು ಬೆಳಗ್ಗೆ ಅವರು ಸ್ನಾನ ಮಾಡಿ ಬನಿಯನ್ನಿನಲ್ಲೇ ಹಾಲಿಗೆ ಬಂದು ಕೂತರು. ನೋಡಿ ಅತ್ತುಬಿಡ್ತೀನಿ ಅನ್ನಿಸಿ, ಅಳೋ ಬದಲು ಟೀಚರ್ ಆದೆ. "ಏಳಿ, ಬೇರೆ ಕಂಪನಿ ಇಲ್ವಾ ಲೋಕದಲ್ಲಿ? ಹೇಗೆ ಬರೀಬೇಕು ಅಂತ ನಾನು ಹೇಳಿಕೊಡ್ತೀನಿ. ಮೃತಪಟ್ಟಿರುತ್ತೀರಿ ಅಂತ ಯಾರಾದ್ರೂ ಬರೀತಾರೇನ್ರೀ? ‘ನೀನು ಸತ್ತೆ.’ ಅಷ್ಟೇ, ಮುಗೀತು."

"ಮೊದಲು ಹಾಗೇ ಬರೆದಿದ್ದೆ," ಅಂದರು.

"ಮತ್ತೆ ಹೊಡೆದು ಹಾಕಿದ್ದು ಯಾಕೆ?"

"ಕನ್ನಡದಲ್ಲಿ ಬಂದ್ರೆ ನೀನು ಆಡೇ ಆಡ್ತೀಯ ಅಂತ ಗೊತ್ತಿತ್ತಲ್ಲ. ನೀನು ಒಂದೇ ಸಲಕ್ಕೆ ಗೆಲ್ಲೋಳೂ ಅಲ್ಲ. ಸತ್ತಾಗೆಲ್ಲ ನಾನು ನಿನಗೆ ಹಾಗಂತ ಹೇಳೋದಾ? ಕೈ ಬರಲಿಲ್ಲ ಕಣೇ. ಆಫೀಸ್ ಭಾಷೇಲಿ ಬರೆದ್ರೆ ಅಷ್ಟು ತಾಕಲ್ಲ. ಅದೊಂದನ್ನ ಹಾಗೆ ಬರೆದ ಮೇಲೆ ಮಿಕ್ಕಿದ್ದೂ ಹೊಂದಬೇಕಲ್ಲ ಅಂತ ಎಲ್ಲಾನೂ ಹಾಗೇ ಬರೆದೆ."

ಪಕ್ಷಪಾತ, ಪಕ್ಷಪಾತ ಅಂತ ಕಾಮೆಂಟಿನವರು ಬಡ್ಕೊಂಡಾಗ ಎಷ್ಟು ಬೈದಿದ್ದೆ ಅವರನ್ನು! ಅವರು ಹೇಳಿದ್ದು ನಿಜವಾಗಿತ್ತು. ಕರ್ನಾಟಕಕ್ಕೆಲ್ಲ ಹೋಗೋ ಗೇಮನ್ನು ಈ ಮನುಷ್ಯ ಒಬ್ಬಳ ಮುಖ ನೋಡಿ ಹಾಳು ಮಾಡಿಟ್ಟಿದ್ದರು. ಆ ಒಬ್ಬಳು ಅದನ್ನೇ ಓದಿ ಊರನ್ನೆಲ್ಲ ನಗಿಸಿದ್ದಳು.